ವಾಲಿಬಾಲ್ ಆಡುವ ಮಕ್ಕಳಿಗೆ ಕಾಲೇಜಿನ ದಾರಿ

ಎಸ್ಸೆಸ್ಸೆಲ್ಸಿ ಫಲಿತಾಂಶ ಪ್ರಕಟವಾದ ವಾರದಲ್ಲಿ ಶ್ರೀಮಠದ ಕಾರ್ಯಾಲಯಕ್ಕೆ ಶಿಫಾರಸು ಪತ್ರ ಕೇಳಿಕೊಂಡು ಬರುವ ಪಾಲಕರು ಹೆಚ್ಚುತ್ತಾರೆ. ನಲ್ಲೂರು, ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಭಾಗದಿಂದ ಬರುವ ಇವರಲ್ಲಿ ಕೆಲವರ ಕೈಯಲ್ಲಿ ಅಂಕಪಟ್ಟಿಯ ಜೊತೆಗೆ ವಾಲಿಬಾಲ್ ಪ್ರಮಾಣಪತ್ರಗಳೂ ಇರುತ್ತವೆ. ಹುಡುಗ ಚೆನ್ನಾಗಿ ಆಡುತ್ತಾನೆ, ಶ್ರೀಗಳಿಂದ ಯಾವುದಾದರೂ ಕಾಲೇಜಿಗೆ ಒಂದು ಮಾತು ಹೇಳಿಸಿ ಎಂಬುದು ಅವರ ಕೋರಿಕೆ. ಬಡ ಮಗುವಿಗೆ ಊಟ ವಸತಿ ದೊರಕಿಸಲು ಮಠದ ಪತ್ರ ನೆರವಾದೀತು. ತಂಡದಲ್ಲಿ ಸ್ಥಾನ ದೊರಕಿಸಲು ಅದು ನೆರವಾಗದು. ಆ ಸ್ಥಾನವನ್ನು ಕೊಡಿಸುವುದು ಮಗುವಿನ ಆಟ, ದಾಖಲೆ ಮತ್ತು ಸಮಯಪಾಲನೆ. ಫಲಿತಾಂಶ ಬಂದ ಮೇಲೆ ಹೊರಡುವವರು ಈ ಮೂರರಲ್ಲಿ ಕೊನೆಯದನ್ನು ಆಗಲೇ ಕಳೆದುಕೊಂಡಿರುತ್ತಾರೆ. ಆದ್ದರಿಂದಲೇ ಈ ವಿಷಯವನ್ನು ಒಂಬತ್ತನೆಯ ತರಗತಿಯ ಮಕ್ಕಳ ಪಾಲಕರನ್ನು ಉದ್ದೇಶಿಸಿ ಬರೆಯುತ್ತಿದ್ದೇವೆ.

ಮೊದಲು ಆಟದ ಮೆಟ್ಟಿಲುಗಳನ್ನು ಅರಿಯಬೇಕು. ಶಾಲಾ ಕ್ರೀಡಾಕೂಟಗಳು ವಲಯ ಅಥವಾ ಹೋಬಳಿಯಿಂದ ಆರಂಭವಾಗಿ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೇಲೇರುತ್ತವೆ. ನಮ್ಮ ದಾವಣಗೆರೆ ಜಿಲ್ಲೆ ಬೆಂಗಳೂರು ವಿಭಾಗಕ್ಕೆ ಸೇರಿದೆ. ರಾಜ್ಯ ತಂಡಕ್ಕೆ ಆಯ್ಕೆಯಾದವರು ಭಾರತೀಯ ಶಾಲಾ ಕ್ರೀಡಾ ಫೆಡರೇಷನ್ನಿನ ರಾಷ್ಟ್ರಮಟ್ಟದ ಕೂಟಕ್ಕೆ ಹೋಗುತ್ತಾರೆ. ಅಲ್ಲಿ 14, 17 ಮತ್ತು 19 ವರ್ಷದೊಳಗಿನವರ ವಿಭಾಗಗಳಿವೆ. ಪದವಿಪೂರ್ವ ಹಂತದಲ್ಲಿಯೂ ತಾಲ್ಲೂಕು, ಜಿಲ್ಲೆ, ರಾಜ್ಯಮಟ್ಟದ ಸ್ಪರ್ಧೆಗಳು ನಡೆಯುತ್ತವೆ. ಪದವಿಗೆ ಬಂದಾಗ ಅಂತರ ಕಾಲೇಜು ಪಂದ್ಯಗಳಿಂದ ವಿಶ್ವವಿದ್ಯಾನಿಲಯದ ತಂಡ ರೂಪುಗೊಳ್ಳುತ್ತದೆ. 2009ರಲ್ಲಿ ಸ್ಥಾಪನೆಯಾದ ದಾವಣಗೆರೆ ವಿಶ್ವವಿದ್ಯಾನಿಲಯ ನಮ್ಮ ಭಾಗದ ಮಕ್ಕಳಿಗೆ ಸಮೀಪದ ವೇದಿಕೆ. ಅಲ್ಲಿಂದ ದಕ್ಷಿಣ ವಲಯದ ಅಂತರ ವಿಶ್ವವಿದ್ಯಾನಿಲಯ ಕೂಟಕ್ಕೂ ಖೇಲೋ ಇಂಡಿಯಾ ವಿಶ್ವವಿದ್ಯಾನಿಲಯ ಕ್ರೀಡಾಕೂಟಕ್ಕೂ ದಾರಿಯುಂಟು.

ಕಾಲೇಜು ಸೇರುವ ಬಾಗಿಲುಗಳಲ್ಲಿ ಹೆಚ್ಚಿನ ಪಾಲಕರಿಗೆ ತಿಳಿಯದಿರುವುದು ಸರ್ಕಾರದ ಕ್ರೀಡಾ ವಸತಿ ನಿಲಯ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯು ಇವುಗಳನ್ನು ನಡೆಸುತ್ತಿದ್ದು, ಹಿರಿಯರ ವಿಭಾಗಕ್ಕೆ ಪ್ರಥಮ ಪಿಯುಸಿ ಸೇರುವ ಮಕ್ಕಳನ್ನು ಆಯ್ದುಕೊಳ್ಳುತ್ತದೆ. ಊಟ, ವಸತಿ, ತರಬೇತಿ, ಓದು ಎಲ್ಲವೂ ಒಂದೇ ವ್ಯವಸ್ಥೆಯಡಿ ದೊರೆಯುತ್ತವೆ. ಆಯ್ಕೆಯಲ್ಲಿ ಎತ್ತರ, ಓಟ, ಜಿಗಿತ, ಎಸೆತಗಳ ದೈಹಿಕ ಪರೀಕ್ಷೆಯೂ ಆಟದ ಕೌಶಲದ ಪರೀಕ್ಷೆಯೂ ಇರುತ್ತವೆ. ಇದರ ಪ್ರಕಟಣೆ ಬಹುಮಟ್ಟಿಗೆ ವಾರ್ಷಿಕ ಪರೀಕ್ಷೆಗೆ ಮುಂಚೆಯೇ ಪತ್ರಿಕೆಗಳ ಜಿಲ್ಲಾ ಪುಟದ ಒಂದು ಮೂಲೆಯಲ್ಲಿ ಬಂದು ಹೋಗುತ್ತದೆ. ಅಡಿಕೆ ಕೊಯ್ಲು, ಮಾರಾಟಗಳ ಗಡಿಬಿಡಿಯಲ್ಲಿರುವ ಮನೆಗಳಲ್ಲಿ ಅದನ್ನು ಗಮನಿಸುವವರು ಯಾರು? ಹತ್ತನೆಯ ತರಗತಿಯ ದಸರಾ ರಜೆ ಮುಗಿದ ಕೂಡಲೇ ಶಾಲೆಯ ದೈಹಿಕ ಶಿಕ್ಷಣ ಶಿಕ್ಷಕರ ಮೂಲಕ ದಾವಣಗೆರೆಯ ಇಲಾಖಾ ಕಚೇರಿಯಲ್ಲಿ ವಿಚಾರಿಸಿಡುವುದು ಲೇಸು.

ಎರಡನೆಯದು ಖಾಸಗಿ ಸಂಸ್ಥೆಗಳ ಕ್ರೀಡಾ ಪ್ರವೇಶ. ಮೂಡುಬಿದಿರೆಯ ಆಳ್ವಾಸ್, ಉಜಿರೆಯ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಕಾಲೇಜು ಮೊದಲಾದ ಕರಾವಳಿಯ ಸಂಸ್ಥೆಗಳು ಕ್ರೀಡಾಪಟುಗಳನ್ನು ಇಟ್ಟುಕೊಂಡು ಓದಿಸುವುದಕ್ಕೆ ಹೆಸರಾಗಿವೆ. ಇಂತಹ ಕಡೆ ಆಯ್ಕೆಯನ್ನು ತರಬೇತುದಾರರು ಮಾಡುತ್ತಾರೆ. ಅವರು ಪ್ರಮಾಣಪತ್ರ ನೋಡುತ್ತಾರೆ, ಆದರೆ ಅದಕ್ಕಿಂತ ಮಿಗಿಲಾಗಿ ಮಗುವನ್ನು ಅಂಗಣದಲ್ಲಿ ನೋಡುತ್ತಾರೆ. ನಮ್ಮ ಊರಿನ ಆಟ ಅವರ ಕಣ್ಣಿಗೆ ಬೀಳಬೇಕಾದರೆ ನಾವೇ ಮುಂದಾಗಬೇಕು. ಮೊಬೈಲನ್ನು ಅಂಗಣದ ಹಿಂಬದಿಯಲ್ಲಿ ತುಸು ಎತ್ತರಕ್ಕೆ ಕಟ್ಟಿ ಒಂದು ಇಡೀ ಸೆಟ್ಟನ್ನು ಚಿತ್ರೀಕರಿಸಿ, ಮಗುವಿನ ಅಂಗಿಯ ಸಂಖ್ಯೆ, ಹುಟ್ಟಿದ ದಿನಾಂಕ, ಎತ್ತರ, ಆಡುವ ಸ್ಥಾನ, ಅಂಕಗಳನ್ನು ಬರೆದು ಕಳುಹಿಸಬಹುದು. ಚೆಂಡು ಹೊಡೆದ ತುಣುಕುಗಳನ್ನಷ್ಟೇ ಪೋಣಿಸಿ, ಹಾಡು ಸೇರಿಸಿ ಕಳುಹಿಸುವವರಿದ್ದಾರೆ. ತಪ್ಪಿದ ಮೇಲೆ ಮಗು ಹೇಗೆ ನಿಲ್ಲುತ್ತದೆ, ಚೆಂಡಿಲ್ಲದಾಗ ಎಲ್ಲಿ ಓಡುತ್ತದೆ ಎಂಬುದು ಅದರಲ್ಲಿ ಕಾಣದು. ತರಬೇತುದಾರರಿಗೆ ಬೇಕಾಗಿರುವುದೋ ಅದೇ.

ಎತ್ತರ ಸಾಲದೆಂದು ಕೈಬಿಟ್ಟ ಮಕ್ಕಳ ಬಗ್ಗೆಯೂ ಒಂದು ಮಾತು. ಪುರುಷರ ಬಲೆ 2.43 ಮೀಟರ್, ಮಹಿಳೆಯರದು 2.24 ಮೀಟರ್ ಎತ್ತರದ್ದು. ಬಲೆಯ ಬಳಿ ನಿಂತು ತಡೆಯುವವರಿಗೆ ದೇಹದ ಎತ್ತರ ಬೇಕೇ ಬೇಕು. ಆದರೆ 1998ರಲ್ಲಿ ಅಂತರರಾಷ್ಟ್ರೀಯ ನಿಯಮಗಳಲ್ಲಿ ಸೇರ್ಪಡೆಯಾದ ಲಿಬೆರೊ ಎಂಬ ಸ್ಥಾನ ಹಿಂದಿನ ಸಾಲಿನ ರಕ್ಷಣೆಗೆಂದೇ ಇರುವಂಥದು. ಬೇರೆ ಬಣ್ಣದ ಅಂಗಿ ತೊಟ್ಟು ಆಡುವ ಆ ಆಟಗಾರ ಬಲೆಯ ಬಳಿ ತಡೆಯುವಂತಿಲ್ಲ. ಚುರುಕು, ಕೆಳಮಟ್ಟದ ಚೆಂಡನ್ನು ಎತ್ತುವ ಕೈ, ಧೈರ್ಯ ಇವೇ ಅವನ ಬಂಡವಾಳ. ಚೆಂಡನ್ನು ಎತ್ತಿಕೊಡುವ ಸೆಟ್ಟರ್ ಸ್ಥಾನವೂ ಬುದ್ಧಿಯನ್ನು ಬೇಡುವಷ್ಟು ಎತ್ತರವನ್ನು ಬೇಡುವುದಿಲ್ಲ. ಹಳ್ಳಿಯ ಅಂಗಣಗಳಲ್ಲಿ ಎಲ್ಲರೂ ಹೊಡೆಯುವವರೇ ಆಗಬಯಸುವುದರಿಂದ ಈ ಎರಡು ಸ್ಥಾನಗಳಿಗೆ ಅಣಿಯಾದ ಮಕ್ಕಳು ವಿರಳ.

ಇನ್ನು ಪ್ರಮಾಣಪತ್ರದ ವಿಚಾರ. ಇಲ್ಲಿ ನಾವು ತುಸು ಕಟುವಾಗಿಯೇ ಬರೆಯಬೇಕಾಗಿದೆ. ರಾಷ್ಟ್ರೀಯ, ಅಂತರರಾಷ್ಟ್ರೀಯ ಎಂಬ ದೊಡ್ಡ ಹೆಸರು ಹೊತ್ತ ಖಾಸಗಿ ಪಂದ್ಯಾವಳಿಗಳಿಗೆ ಹಣ ಕಟ್ಟಿಸಿಕೊಂಡು ಮಕ್ಕಳನ್ನು ದೂರದ ಊರುಗಳಿಗೆ ಕರೆದೊಯ್ದು ಪದಕ, ಪತ್ರ ಕೊಟ್ಟು ಕಳುಹಿಸುವವರಿದ್ದಾರೆ. ಸಾಲ ಮಾಡಿ ಹಣ ಕಟ್ಟಿದ ಕುಟುಂಬಗಳಿಗೆ ಆ ಪತ್ರ ಗೋಡೆಗೆ ತೂಗುಹಾಕಲು ಮಾತ್ರ ಉಪಯೋಗವಾದೀತು. ಕೇಂದ್ರ ಸರ್ಕಾರದ ನೌಕರಿಯ ಕ್ರೀಡಾ ಕೋಟಾದಲ್ಲಿ ಪ್ರಮಾಣಪತ್ರಕ್ಕೆ ನಿಗದಿತ ನಮೂನೆಗಳಿವೆ: ದೇಶವನ್ನು ಪ್ರತಿನಿಧಿಸಿದವರಿಗೆ ನಮೂನೆ 1, ರಾಷ್ಟ್ರೀಯ ಸ್ಪರ್ಧೆಯಲ್ಲಿ ರಾಜ್ಯವನ್ನು ಪ್ರತಿನಿಧಿಸಿದವರಿಗೆ 2, ಅಂತರ ವಿಶ್ವವಿದ್ಯಾನಿಲಯಕ್ಕೆ 3, ರಾಷ್ಟ್ರೀಯ ಶಾಲಾ ಕೂಟಕ್ಕೆ 4. ಯಾವ ಪಂದ್ಯಾವಳಿಗೆ ಹೋಗುವ ಮುನ್ನವೂ ಇದರ ಪ್ರಮಾಣಪತ್ರ ಯಾವ ನಮೂನೆಗೆ ಸಲ್ಲುತ್ತದೆ ಎಂದು ಸಂಘಟಕರನ್ನು ಕೇಳಿರಿ. ಉತ್ತರ ತಡವರಿಸಿದರೆ ಹಣ ಕಟ್ಟಬೇಡಿರಿ. ವೃತ್ತಿಪರ ಕೋರ್ಸುಗಳ ಸಿಇಟಿ ಪ್ರವೇಶದಲ್ಲಿಯೂ ಕ್ರೀಡಾ ಕೋಟಾ ಉಂಟು. ಅರ್ಜಿ ತುಂಬುವಾಗಲೇ ಅದನ್ನು ಕೋರಿ ಮೂಲ ಪ್ರಮಾಣಪತ್ರಗಳನ್ನು ಪರಿಶೀಲನೆಗೆ ಒಪ್ಪಿಸಬೇಕು. ಎಂಟನೆಯ ತರಗತಿಯಿಂದಲೇ ಪ್ರತಿಯೊಂದು ಪತ್ರವನ್ನು, ಹೆಸರಿನ ಅಕ್ಷರಗಳು ಅಂಕಪಟ್ಟಿಯಲ್ಲಿರುವಂತೆಯೇ ಇವೆಯೇ ಎಂದು ನೋಡಿ, ಜೋಪಾನವಾಗಿಡಬೇಕು. ಒಂದು ಇನಿಷಿಯಲ್ ವ್ಯತ್ಯಾಸದಿಂದ ಅಲೆದಾಡಿದವರನ್ನು ನಾವು ಕಂಡಿದ್ದೇವೆ.

ಉಚಿತ ಸೀಟು ದೊರೆಯಿತೆಂದು ಹಿಗ್ಗುವ ಮುನ್ನ ಕೇಳಬೇಕಾದ ಪ್ರಶ್ನೆಗಳಿವೆ. ಉಚಿತವೆಂದರೆ ಬೋಧನಾ ಶುಲ್ಕ ಮಾತ್ರವೋ, ಊಟ ವಸತಿಯೂ ಸೇರಿದೆಯೋ? ಮೊಣಕಾಲು ಅಥವಾ ಭುಜಕ್ಕೆ ಪೆಟ್ಟಾಗಿ ಒಂದು ವರ್ಷ ಆಡಲಾಗದಿದ್ದರೆ ಸೀಟು ಉಳಿಯುವುದೇ, ಚಿಕಿತ್ಸೆಯ ವೆಚ್ಚ ಯಾರದು? ನಡುವೆ ಬಿಟ್ಟುಬಂದರೆ ಹಣ ಹಿಂದಿರುಗಿಸಬೇಕೇ, ವರ್ಗಾವಣೆ ಪತ್ರ ಕೊಡುವರೇ? ಪಿಯುಸಿ ಪರೀಕ್ಷೆಗೆ ಶೇ. 75ರ ಹಾಜರಾತಿ ಬೇಕು. ಪಂದ್ಯಗಳಿಗೆ ಹೋದ ದಿನಗಳ ಪಾಠವನ್ನು ಯಾರು ಹೇಳಿಕೊಡುವರು? ಇವೆಲ್ಲವನ್ನೂ ಬರವಣಿಗೆಯಲ್ಲಿ ಪಡೆಯುವುದು ಅವಿಶ್ವಾಸವಲ್ಲ. ಬಲಿಷ್ಠ ತಂಡದ ಕಾಲೇಜಿನಲ್ಲಿ ಎರಡು ವರ್ಷ ಅಂಗಣದ ಹೊರಗೆ ಕುಳಿತಿರುವುದಕ್ಕಿಂತ ಚನ್ನಗಿರಿಯಲ್ಲಿಯೋ ದಾವಣಗೆರೆಯಲ್ಲಿಯೋ ಓದುತ್ತ ಜಿಲ್ಲಾ ತಂಡದಲ್ಲಿ ಪ್ರತಿ ಪಂದ್ಯವನ್ನೂ ಆಡುವುದು ಕೆಲವು ಮಕ್ಕಳಿಗೆ ಹಿತವೆಂಬುದು ನಮ್ಮ ಅಭಿಪ್ರಾಯ. ಹದಿನೈದರ ವಯಸ್ಸಿಗೆ ಮನೆ ಬಿಟ್ಟು ಹೋಗಲು ಎಲ್ಲ ಮಕ್ಕಳೂ ಸಿದ್ಧವಾಗಿರುವುದಿಲ್ಲ.

ಹೆಣ್ಣುಮಕ್ಕಳ ವಿಚಾರದಲ್ಲಿ ಮಾತ್ರ ಈ ಮಾತನ್ನು ನೆಪವಾಗಿ ಬಳಸಬಾರದು. ಪ್ರೌಢಶಾಲೆಯಲ್ಲಿ ಜಿಲ್ಲೆಗೆ ಆಡಿದ ಬಾಲಕಿ ಪಿಯುಸಿಗೆ ಬಂದೊಡನೆ ಆಟ ನಿಲ್ಲಿಸುವುದು ನಮ್ಮ ಮನೆಗಳಲ್ಲಿ ಅಪರೂಪವೇನಲ್ಲ. ಪಾಲಕರ ಆತಂಕ ನಮಗೆ ಅರ್ಥವಾಗುತ್ತದೆ. ನಿಲಯದಲ್ಲಿ ಮಹಿಳಾ ಮೇಲ್ವಿಚಾರಕರಿದ್ದಾರೆಯೇ, ಪ್ರವಾಸದಲ್ಲಿ ಜೊತೆಗೆ ಯಾರು ಹೋಗುತ್ತಾರೆ ಎಂದು ತಾಯಿ ತಂದೆ ಇಬ್ಬರೂ ಹೋಗಿ ನೋಡಿ, ಅಲ್ಲಿರುವ ಹಿರಿಯ ಆಟಗಾರ್ತಿಯರನ್ನು ಮಾತನಾಡಿಸಿ ಬಂದು ತೀರ್ಮಾನಿಸಲಿ. ನೋಡದೆಯೇ ಬೇಡವೆನ್ನುವುದು ಸ್ತ್ರೀಯರಿಗೆ ಅನುಭವ ಮಂಟಪದಲ್ಲಿ ಸ್ಥಾನವಿತ್ತ ಪರಂಪರೆಯವರಾದ ನಮಗೆ ಒಪ್ಪುವುದಿಲ್ಲ.

ಅಮೆರಿಕದಲ್ಲಿ ನೆಲೆಸಿರುವ ಸಮಾಜಬಾಂಧವರ ಮಕ್ಕಳಿಗೆ ಕ್ರಮ ಬೇರೆ. ಅಲ್ಲಿ ಕಾಲೇಜಿನ ತರಬೇತುದಾರರೇ ಪ್ರೌಢಶಾಲೆಯ ಆಟಗಾರರನ್ನು ಹುಡುಕಿ ಹೋಗುತ್ತಾರೆ. ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಘದ ಮೊದಲ ಶ್ರೇಣಿಯಲ್ಲಿ, ಹತ್ತನೆಯ ತರಗತಿ ಮುಗಿದ ವರ್ಷದ ಜೂನ್ 15ರಿಂದ ಅವರು ವಿದ್ಯಾರ್ಥಿಯೊಡನೆ ಪತ್ರ, ದೂರವಾಣಿ ವ್ಯವಹಾರ ನಡೆಸಬಹುದು. ಮೂರನೆಯ ಶ್ರೇಣಿಯ ಕಾಲೇಜುಗಳು ಕ್ರೀಡಾ ವಿದ್ಯಾರ್ಥಿವೇತನವನ್ನೇ ಕೊಡುವುದಿಲ್ಲ. ಅಲ್ಲಿಯೂ ನಿಗದಿತ ವಿಷಯಗಳಲ್ಲಿ ಅಂಕವಿಲ್ಲದವರಿಗೆ ಮೊದಲ ಶ್ರೇಣಿಯಲ್ಲಿ ಆಡುವ ಅರ್ಹತೆಯಿಲ್ಲ.

ಆಟದಿಂದ ಮುಂದೇನು ಎಂದು ಕೇಳುವವರಿಗೆ ರೈಲ್ವೆ, ಅಂಚೆ, ಪೊಲೀಸ್ ಇಲಾಖೆಗಳ ಕ್ರೀಡಾ ನೇಮಕಾತಿಯನ್ನು ತೋರಿಸಬಹುದು. 2022ರಲ್ಲಿ ಆರಂಭವಾದ ಪ್ರೈಮ್ ವಾಲಿಬಾಲ್ ಲೀಗಿನ ಮೊದಲ ಪ್ರಶಸ್ತಿ ಗೆದ್ದ ಕೋಲ್ಕತ್ತ ತಂಡದ ನಾಯಕ ಅಶ್ವಲ್ ರೈ ಕರ್ನಾಟಕದವರೇ. ಆದರೆ ಅಂತಹ ಎತ್ತರಕ್ಕೆ ಏರುವವರು ಬೆರಳೆಣಿಕೆಯಷ್ಟು ಮಂದಿ. ಆದ್ದರಿಂದ ಮಗು ಪಿಯುಸಿಯಲ್ಲಿ ಆರಿಸಿಕೊಳ್ಳುವ ವಿಷಯ ಆಟ ನಿಂತ ಮೇಲೆಯೂ ಅನ್ನ ಕೊಡುವಂತಿರಲಿ. ಈ ವರ್ಷ ಹತ್ತನೆಯ ತರಗತಿಯಲ್ಲಿರುವ ಆಟಗಾರರ ಪಾಲಕರು ಜನ್ಮ ದಿನಾಂಕದ ದಾಖಲೆ, ಆಧಾರ್, ವ್ಯಾಸಂಗ ಪ್ರಮಾಣಪತ್ರ ಹಾಗೂ ಎಲ್ಲ ಕ್ರೀಡಾ ಪತ್ರಗಳ ಎರಡೆರಡು ನಕಲುಗಳನ್ನು ಡಿಸೆಂಬರ್ ಒಳಗೆ ಸಿದ್ಧಪಡಿಸಿಕೊಳ್ಳಬೇಕೆಂದು ಕೋರುತ್ತೇವೆ. ಅರ್ಜಿ ತುಂಬಲು ತೊಡಕಾದವರು ಕಾರ್ಯಾಲಯದ ವೇಳೆಯಲ್ಲಿ ಬಂದರೆ ನಮ್ಮ ಸಿಬ್ಬಂದಿ ತುಂಬಿಕೊಡುತ್ತಾರೆ.