ತೂಕ ಹೆಚ್ಚಿತೆಂದು ಮಾತ್ರೆ ಬಿಡುವುದೇ?

ಹೊಗೆಯಿದ್ದಲ್ಲಿ ಬೆಂಕಿಯಿದೆ ಎಂಬುದು ತರ್ಕಶಾಸ್ತ್ರದ ಹಳೆಯ ಉದಾಹರಣೆ. ಆದರೆ ಮನುಷ್ಯನ ಶರೀರವನ್ನು ಕಂಡು ನಾವು ಮಾಡುವ ಊಹೆಗಳು ಅಷ್ಟು ನಿಶ್ಚಿತವಾದವುಗಳಲ್ಲ. ಬಡಕಲಾದವನನ್ನು ಕಂಡರೆ ‘ಏನೋ ದೊಡ್ಡ ಕಾಯಿಲೆಯಿರಬೇಕು’ ಎನ್ನುತ್ತೇವೆ. ಮೈದುಂಬಿಕೊಂಡವಳನ್ನು ಕಂಡರೆ ‘ಬಾಯಿಗೆ ಹಿಡಿತವಿಲ್ಲ’ ಎನ್ನುತ್ತೇವೆ. ಎಚ್.ಐ.ವಿ. ಸೋಂಕಿಗೆ ಬಹುಕಾಲದಿಂದ ಚಿಕಿತ್ಸೆ ಪಡೆಯುತ್ತಿರುವ ಅನೇಕರು ಈ ಎರಡೂ ಮಾತುಗಳನ್ನು ಒಂದೇ ಜೀವಮಾನದಲ್ಲಿ ಕೇಳಬೇಕಾಗಿದೆ. ಮೊದಲನೆಯ ಮಾತು ಅವರ ಮನಸ್ಸನ್ನು ನೋಯಿಸಿತು. ಎರಡನೆಯ ಮಾತಿಗೆ ಅಂಜಿ, ಜೀವ ಉಳಿಸಿದ ಮಾತ್ರೆಯನ್ನೇ ಗುಟ್ಟಾಗಿ ಬಿಟ್ಟುಬಿಡುವ ಅಪಾಯವಿದೆ. ಆದ್ದರಿಂದ ಈ ವಿಷಯವನ್ನು ನಮ್ಮ ಕುಟುಂಬಗಳ ಮುಂದಿಡುವುದು ಅಗತ್ಯವೆಂದು ಭಾವಿಸಿದ್ದೇವೆ.

ಭಾರತದಲ್ಲಿ ಈ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಅಂದಿನ ಮದ್ರಾಸಿನಲ್ಲಿ. ಆ ಕಾಲದಲ್ಲಿ ಉಗಾಂಡದ ಜನರು ಈ ರೋಗವನ್ನು ‘ಸ್ಲಿಮ್’ ಎಂದೇ ಕರೆಯುತ್ತಿದ್ದರು, ಅಂದರೆ ಮೈಯನ್ನು ಸೊರಗಿಸುವ ರೋಗ. 2004ರ ಏಪ್ರಿಲ್ 1ರಂದು ಭಾರತ ಸರ್ಕಾರವು ಉಚಿತ ಎ.ಆರ್.ಟಿ. ಚಿಕಿತ್ಸೆಯನ್ನು ಆರಂಭಿಸಿತು, ಅದು ಮೊದಲು ದೊರೆತ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅಂದು ಕೊಡುತ್ತಿದ್ದ ಸ್ಟಾವುಡಿನ್ ಎಂಬ ಔಷಧವು ಜೀವವನ್ನೇನೋ ಉಳಿಸಿತು. ಆದರೆ ಹಲವರ ಕೆನ್ನೆ, ಕೈಕಾಲುಗಳ ಕೊಬ್ಬನ್ನು ಕರಗಿಸಿ, ಬಚ್ಚಿಡಬೇಕೆಂದಿದ್ದ ಗುಟ್ಟನ್ನು ಮುಖದ ಮೇಲೆಯೇ ಬರೆಯಿತು. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಅದನ್ನು ಹಂತಹಂತವಾಗಿ ಕೈಬಿಡುವಂತೆ ಸೂಚಿಸಿತು.

ಇಂದು ಸ್ಥಿತಿ ಬೇರೆ. ಟೆನೊಫೊವಿರ್, ಲಾಮಿವುಡಿನ್ ಮತ್ತು ಡೊಲುಟೆಗ್ರಾವಿರ್ ಎಂಬ ಮೂರು ಔಷಧಗಳು ಸೇರಿದ ಒಂದೇ ಮಾತ್ರೆಯನ್ನು ಹೆಚ್ಚಿನವರು ದಿನಕ್ಕೊಮ್ಮೆ ಸೇವಿಸುತ್ತಾರೆ. ಇದು ವೈರಾಣುವನ್ನು ಬೇಗನೆ ಅಡಗಿಸುತ್ತದೆ. ಹಳೆಯ ಔಷಧಗಳಿಗಿಂತ ಹೆಚ್ಚು ಜನರಿಗೆ ಒಗ್ಗುತ್ತದೆ. ಆದರೆ ಕೆಲವರಲ್ಲಿ, ಅದರಲ್ಲೂ ಮಹಿಳೆಯರಲ್ಲಿ, ತೂಕ ಏರುವುದು ಕಂಡುಬಂದಿದೆ.

ಎಷ್ಟು ಏರುತ್ತದೆ? ದಕ್ಷಿಣ ಆಫ್ರಿಕದ ಜೋಹಾನ್ಸ್‌ಬರ್ಗಿನಲ್ಲಿ 1053 ಮಂದಿಯನ್ನು ಸೇರಿಸಿಕೊಂಡು ನಡೆದ ‘ಅಡ್ವಾನ್ಸ್’ ಎಂಬ ಅಧ್ಯಯನದ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. 48 ವಾರಗಳಲ್ಲಿ ಎಫಾವಿರೆಂಜ್ ಇದ್ದ ಹಳೆಯ ಚಿಕಿತ್ಸೆಯವರಿಗೆ ಸರಾಸರಿ 1 ಕಿಲೋ ಏರಿತ್ತು. ಡೊಲುಟೆಗ್ರಾವಿರ್ ಜೊತೆಗೆ ಟೆನೊಫೊವಿರ್‌ನ ಹಳೆಯ ರೂಪವನ್ನು ಪಡೆದವರಿಗೆ 3 ಕಿಲೋ, ಅದರ ಹೊಸ ರೂಪವನ್ನು ಪಡೆದವರಿಗೆ 6 ಕಿಲೋ ಏರಿತ್ತು. ನಮ್ಮ ಸರ್ಕಾರಿ ಕೇಂದ್ರಗಳಲ್ಲಿ ಸಾಮಾನ್ಯವಾಗಿ ದೊರೆಯುವ ಮಾತ್ರೆಯಲ್ಲಿರುವುದು ಹಳೆಯ ರೂಪ. ಸರಾಸರಿ ಎಂದರೆ ಎಲ್ಲರಿಗೂ ಅಷ್ಟೇ ಎಂದರ್ಥವಲ್ಲ. ಕೆಲವರಿಗೆ ಏನೂ ಏರುವುದಿಲ್ಲ, ಕೆಲವರಿಗೆ ಬಹಳ ಏರುತ್ತದೆ.

ಇದರ ಕಾರಣವು ಇನ್ನೂ ಪೂರ್ತಿಯಾಗಿ ಇತ್ಯರ್ಥವಾಗಿಲ್ಲ. ರೋಗದಿಂದ ಸೊರಗಿದ ಶರೀರವು ಕಳೆದುಕೊಂಡದ್ದನ್ನು ಮರಳಿ ಗಳಿಸುವುದು ಒಂದು ಭಾಗ. ಅದು ಆರೋಗ್ಯದ ಲಕ್ಷಣವೇ ಹೊರತು ದೋಷವಲ್ಲ. ಎಫಾವಿರೆಂಜ್‌ನಂಥ ಹಳೆಯ ಔಷಧಗಳು ಕೆಲವರಲ್ಲಿ ತೂಕವನ್ನು ತಡೆಹಿಡಿಯುತ್ತಿದ್ದವು ಎಂಬುದೂ ಕಂಡುಬಂದಿದೆ. ಆದ್ದರಿಂದ ಮೈದುಂಬಿದವರೆಲ್ಲರೂ ಹೊಟ್ಟೆಬಾಕರೆಂದು ತೀರ್ಪು ಕೊಡುವುದು ಅಜ್ಞಾನ ಮಾತ್ರವಲ್ಲ, ಅನ್ಯಾಯವೂ ಹೌದು.

ಇನ್ನು ಮಾತ್ರೆ ಬಿಟ್ಟರೆ ಆಗುವುದೇನು? ಈ ಔಷಧವು ವೈರಾಣುವನ್ನು ಬೇರುಸಹಿತ ಕೀಳುವುದಿಲ್ಲ, ಅಡಗಿಸಿಡುತ್ತದೆ ಅಷ್ಟೆ. ಮಾತ್ರೆ ನಿಂತ ಕೆಲವೇ ವಾರಗಳಲ್ಲಿ ಅದು ಸಾಮಾನ್ಯವಾಗಿ ರಕ್ತದಲ್ಲಿ ಮರಳಿ ಕಾಣಿಸಿಕೊಳ್ಳುತ್ತದೆ, ರೋಗನಿರೋಧಕ ಶಕ್ತಿ ಕುಸಿಯತೊಡಗುತ್ತದೆ, ಕ್ಷಯದಂಥ ಕಾಯಿಲೆಗಳಿಗೆ ಬಾಗಿಲು ತೆರೆಯುತ್ತದೆ. ಒಂದು ದಿನ ನುಂಗಿ ಎರಡು ದಿನ ಬಿಡುವ ರೂಢಿಯೂ ಅಪಾಯಕರ. ಔಷಧಕ್ಕೆ ಬಗ್ಗದ ವೈರಾಣು ಬೆಳೆಯಲು ಅದು ಎಡೆಗೊಡುತ್ತದೆ. ಇನ್ನೊಂದು ಮಾತು. ತಪ್ಪದೆ ಔಷಧ ಸೇವಿಸಿ, ರಕ್ತಪರೀಕ್ಷೆಯಲ್ಲಿ ವೈರಾಣು ಕಾಣಿಸದ ಮಟ್ಟಕ್ಕೆ ಇಳಿದವರಿಂದ ದಾಂಪತ್ಯ ಸಂಬಂಧದ ಮೂಲಕ ಸಂಗಾತಿಗೆ ಸೋಂಕು ದಾಟುವುದಿಲ್ಲವೆಂದು 2016 ಮತ್ತು 2019ರಲ್ಲಿ ಪ್ರಕಟವಾದ ‘ಪಾರ್ಟ್‌ನರ್’ ಅಧ್ಯಯನಗಳು ತೋರಿಸಿವೆ. ಮೂರು ಕಿಲೋ ತೂಕಕ್ಕಾಗಿ ಇಷ್ಟೆಲ್ಲವನ್ನೂ ಕಳೆದುಕೊಳ್ಳಬೇಕೇ?

ಹಾಗೆಂದು ತೂಕವನ್ನು ಕಡೆಗಣಿಸಬೇಕೆಂದು ನಾವು ಹೇಳುವುದಿಲ್ಲ. ಅತಿಯಾದ ತೂಕವು ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದ್ರೋಗಗಳನ್ನು ತರಬಲ್ಲದು. ಮಾಡಬೇಕಾದುದಿಷ್ಟೆ: ಮಾತ್ರೆಯನ್ನು ಬಿಡದೆ, ತೂಕದ ಚಿಂತೆಯನ್ನು ಎ.ಆರ್.ಟಿ. ಕೇಂದ್ರದ ವೈದ್ಯರ ಮುಂದಿಡಬೇಕು. ಸಂಕೋಚ ಬೇಡ. ರಕ್ತದೊತ್ತಡ, ಸಕ್ಕರೆ ಅಂಶಗಳನ್ನು ಪರೀಕ್ಷಿಸಿಕೊಳ್ಳಬೇಕು. ತಟ್ಟೆಯಲ್ಲಿ ಅನ್ನವನ್ನು ತುಸು ತಗ್ಗಿಸಿ ತರಕಾರಿ, ಕಾಳುಗಳನ್ನು ಹೆಚ್ಚಿಸಬೇಕು. ಕರಿದ ತಿಂಡಿ, ಸಿಹಿ ಪಾನೀಯಗಳನ್ನು ದೂರವಿಟ್ಟು ದಿನವೂ ನಡೆಯಬೇಕು. ತೂಕ ಇಳಿಸುವುದೆಂದು ಮಾರುವ ಪುಡಿ, ಕಷಾಯಗಳನ್ನು ವೈದ್ಯರಿಗೆ ತಿಳಿಸದೆ ಸೇವಿಸಬಾರದು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರು ಅದನ್ನೂ ಹೇಳಲೇಬೇಕು, ಏಕೆಂದರೆ ಡೊಲುಟೆಗ್ರಾವಿರ್ ಅದರ ಪ್ರಮಾಣವನ್ನು ರಕ್ತದಲ್ಲಿ ಹೆಚ್ಚಿಸುತ್ತದೆ. ಔಷಧವನ್ನು ಬದಲಾಯಿಸಬೇಕೇ ಬೇಡವೇ ಎಂಬುದು ವೈದ್ಯರು ನಿರ್ಧರಿಸಬೇಕಾದ ವಿಷಯ. ಬದಲಾಯಿಸಿದ ಮಾತ್ರಕ್ಕೆ ತೂಕ ಇಳಿದೇ ಇಳಿಯುತ್ತದೆಂಬ ಭರವಸೆಯೂ ಇಲ್ಲ.

ತಪಸ್ಸು ಕಾಲದಲ್ಲಿ ಉಪವಾಸದ ನೆಪದಿಂದ ಮಾತ್ರೆಯನ್ನು ಬಿಡುವವರಿದ್ದರೆ ಅವರಿಗೂ ಒಂದು ಮಾತು. ಧರ್ಮಸಭೆಯು ಉಪವಾಸವನ್ನು ಅಸ್ವಸ್ಥರ ಮೇಲೆ ಹೇರುವುದಿಲ್ಲ. ಡೊಲುಟೆಗ್ರಾವಿರ್ ಇರುವ ಈ ಮಾತ್ರೆಯನ್ನು ಊಟದೊಂದಿಗೂ ಬರಿಹೊಟ್ಟೆಯಲ್ಲಿಯೂ ಸೇವಿಸಬಹುದು. ಔಷಧ ಬಿಡುವುದು ತಪಸ್ಸಲ್ಲ.

ಕೊನೆಯದಾಗಿ, ಮನೆಯವರಲ್ಲಿ ಮತ್ತು ನೆಂಟರಲ್ಲಿ ನಮ್ಮದೊಂದು ವಿನಂತಿ. ಮದುವೆ ಮನೆಯಲ್ಲಿ ‘ಏನೇ, ಹೀಗೆ ಊದಿಕೊಂಡಿದ್ದೀ!’ ಎಂದು ನಾವು ನಗುತ್ತಲೇ ಆಡುವ ಮಾತನ್ನು ಕೇಳಿಸಿಕೊಳ್ಳುತ್ತಿರುವಾಕೆ ಯಾವ ಭಾರವನ್ನು ಹೊತ್ತಿದ್ದಾಳೋ ನಾವು ಅರಿಯೆವು. ಅರಿಯುವ ಹಕ್ಕೂ ನಮಗಿಲ್ಲ. ಒಬ್ಬರ ಸೋಂಕಿನ ಸ್ಥಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಹೊರಗೆಡಹಬಾರದೆಂದು 2017ರ ಎಚ್.ಐ.ವಿ. ಮತ್ತು ಏಡ್ಸ್ ಕಾಯಿದೆಯೇ ಹೇಳುತ್ತದೆ. ಆ ರಾತ್ರಿ ಆಕೆ ಮಾತ್ರೆಯ ಡಬ್ಬಿಯನ್ನು ತೆರೆಯುವಳೋ ಇಲ್ಲವೋ ಎಂಬುದು ನಮ್ಮ ಒಂದು ಹಾಸ್ಯದ ಮಾತನ್ನು ಅವಲಂಬಿಸಿರಬಹುದು. ಗುಟ್ಟು ತಿಳಿದ ಮನೆಯವರು ಹೊತ್ತಿಗೆ ಸರಿಯಾಗಿ ಒಂದು ಲೋಟ ನೀರನ್ನು ತಂದಿಟ್ಟು ‘ಮಾತ್ರೆ ಆಯಿತೇ?’ ಎಂದು ಕೇಳಲಿ. ತಿಳಿಯದವರು ಮೈಯ ಮಾತನ್ನು ಬಿಟ್ಟು ‘ಚೆನ್ನಾಗಿದ್ದೀಯಾ?’ ಎಂದಷ್ಟೇ ಕೇಳಲಿ.