ಹೆಸರು ಅಳಿಸಿದರೆ ಗುಟ್ಟು ಉಳಿಯುತ್ತದೆಯೇ?

ನ್ಯೂಜೆರ್ಸಿಯ ಸೀಕಾಕಸ್ ಸಣ್ಣ ಊರು. ಆದರೆ ಗುಟ್ಟಿನ ಮಾಹಿತಿಯ ಮಟ್ಟಿಗೆ ಅದೊಂದು ದೊಡ್ಡ ಉಗ್ರಾಣ. ರಕ್ತಪರೀಕ್ಷೆ ನಡೆಸುವ ಕ್ವೆಸ್ಟ್ ಡಯಾಗ್ನೋಸ್ಟಿಕ್ಸ್‌ನ ಕೇಂದ್ರ ಕಚೇರಿ ಅಲ್ಲಿದೆ. ಹಣಕಾಸು ಮಾರುಕಟ್ಟೆಗಳ ಸರ್ವರ್‌ಗಳನ್ನು ಇರಿಸಿಕೊಂಡ ಈಕ್ವಿನಿಕ್ಸ್ ಡೇಟಾ ಸೆಂಟರ್‌ಗಳೂ ಅಲ್ಲಿವೆ. ಸೀಕಾಕಸ್ ಜಂಕ್ಷನ್‌ನಲ್ಲಿ ರೈಲು ಬದಲಿಸಿ ಮ್ಯಾನ್‌ಹಟನ್‌ನ ಕಚೇರಿಗಳಿಗೆ ಹೋಗುವವರಲ್ಲಿ ಕನ್ನಡಿಗರೂ ಇದ್ದಾರೆ. ಚಾಟ್‌ಜಿಪಿಟಿಯಂಥ ಎಐ ಸಾಧನಗಳನ್ನು ಅವರು ಕೆಲಸದಲ್ಲಿ ಬಳಸಿ ನೋಡಲೇಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ತೊಂದರೆ ಇರುವುದು ಕೆಲವು ನಂಬಿಕೆಗಳಲ್ಲಿ.

"ಹೆಸರು ತೆಗೆದು ಪೇಸ್ಟ್ ಮಾಡಿದರೆ ಸಾಕು" ಎನ್ನುವುದು ಅವುಗಳಲ್ಲೆಲ್ಲ ಹೆಚ್ಚು ಅಪಾಯಕಾರಿ. ಪಿನ್‌ಕೋಡ್, ಹುಟ್ಟಿದ ದಿನಾಂಕ, ಗಂಡೋ ಹೆಣ್ಣೋ ಎಂಬ ಮೂರೇ ವಿವರಗಳಿಂದ ಅಮೆರಿಕದ ಸುಮಾರು ಶೇ. 87ರಷ್ಟು ಜನರನ್ನು ಗುರುತಿಸಬಹುದು ಎಂದು ಸಂಶೋಧಕಿ ಲಟಾನ್ಯಾ ಸ್ವೀನಿ 2000ದಲ್ಲೇ ಅಂದಾಜು ಮಾಡಿದ್ದರು. ಅದಕ್ಕೂ ಮೊದಲು ಅವರು, ಹೆಸರಿಲ್ಲದ ಆಸ್ಪತ್ರೆ ದಾಖಲೆಗಳ ರಾಶಿಯಿಂದ ಮ್ಯಾಸಚೂಸೆಟ್ಸ್‌ನ ಗವರ್ನರ್ ಆಗಿದ್ದ ವಿಲಿಯಂ ವೆಲ್ಡ್ ಅವರ ದಾಖಲೆಯನ್ನೇ ಹೆಕ್ಕಿ ತೋರಿಸಿದ್ದರು. ಸೀಕಾಕಸ್‌ಗೇ ಲೆಕ್ಕ ಹಾಕೋಣ. ಪಿನ್‌ಕೋಡ್ 07094, ಜನಸಂಖ್ಯೆ ಸುಮಾರು 22,000. ಎಂಬತ್ತು ವರ್ಷಗಳಲ್ಲಿ ಬರುವ ದಿನಾಂಕಗಳೇ 29,000ಕ್ಕೂ ಹೆಚ್ಚು. ಗಂಡು, ಹೆಣ್ಣು ಎಂದು ಬೇರ್ಪಡಿಸಿದರೆ 58,000 ದಾಟುತ್ತದೆ. ಅಂದರೆ ಈ ಮೂರು ವಿವರ ಗೊತ್ತಾದರೆ ಬಹುಪಾಲು ಸಲ ಉಳಿಯುವುದು ಒಬ್ಬರೇ. ಅಮೆರಿಕದ ಆರೋಗ್ಯ ಮಾಹಿತಿ ಕಾನೂನಾದ ಹಿಪಾ, ಗುರುತು ಅಳಿಸುವ ಒಂದು ವಿಧಾನದಲ್ಲಿ 18 ಬಗೆಯ ವಿವರಗಳನ್ನು ತೆಗೆಯಬೇಕು ಎನ್ನುವುದು ಇದಕ್ಕಾಗಿಯೇ. ಹೆಸರು ಆ ಹದಿನೆಂಟರಲ್ಲಿ ಒಂದು ಮಾತ್ರ.

"ಚಾಟ್ ಡಿಲೀಟ್ ಮಾಡಿದೆ, ಮುಗಿಯಿತು" ಎನ್ನುವವರಿಗೆ ಹಡ್ಸನ್ ನದಿಯ ಆಚೆ ದಡದಿಂದಲೇ ಉತ್ತರ ಬಂದಿದೆ. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಓಪನ್‌ಎಐ ಮೇಲೆ ಹೂಡಿದ ಮೊಕದ್ದಮೆಯಲ್ಲಿ ಮ್ಯಾನ್‌ಹಟನ್‌ನ ಫೆಡರಲ್ ನ್ಯಾಯಾಲಯ 2025ರ ಮೇ 13ರಂದು ಒಂದು ಆದೇಶ ಕೊಟ್ಟಿತು. ಬಳಕೆದಾರರು ಅಳಿಸಿದ್ದರೂ ಚಾಟ್‌ಜಿಪಿಟಿಯ ಉತ್ತರಗಳನ್ನು ಕಾಪಾಡಿ ಇಡಬೇಕು ಎಂದು. ತಿಂಗಳುಗಟ್ಟಲೆ ಅದು ಜಾರಿಯಲ್ಲಿತ್ತು. ದೊಡ್ಡ ಸಂಸ್ಥೆಗಳಿಗೆ ಮಾರುವ ಎಂಟರ್‌ಪ್ರೈಸ್ ಖಾತೆಗಳು ಅದರಿಂದ ಹೊರಗಿದ್ದವು. ಸ್ವಂತ ಖಾತೆಗೂ ಕಚೇರಿ ಒಪ್ಪಂದ ಮಾಡಿಕೊಂಡು ಕೊಟ್ಟ ಖಾತೆಗೂ ಇರುವ ವ್ಯತ್ಯಾಸ ಎಷ್ಟು ದೊಡ್ಡದು ಎಂಬುದು ಇಲ್ಲಿ ಕಣ್ಣಿಗೆ ಕಾಣುತ್ತದೆ.

ಅತಿಯಾದ ಹೆದರಿಕೆಯೂ ತಪ್ಪೇ. ನೀವು ಬರೆದದ್ದನ್ನು ಎಐ ಮರುಕ್ಷಣವೇ ಕಲಿತು ಪಕ್ಕದವರಿಗೆ ಹೇಳಿಬಿಡುವುದಿಲ್ಲ. ತರಬೇತಿ ಎನ್ನುವುದು ಬೇರೆಯಾಗಿ, ಆಮೇಲೆ ನಡೆಯುವ ಕೆಲಸ. ಆದರೆ ಸಾಮಾನ್ಯ ಖಾತೆಯ ಮಾತುಕತೆ ಆ ತರಬೇತಿಗೆ ಹೋಗಬಹುದು, ಸೆಟ್ಟಿಂಗ್ಸ್ ನೋಡಿಕೊಳ್ಳಬೇಕು. ತಂತ್ರಾಂಶದ ದೋಷವೂ ಉಂಟು: 2023ರ ಮಾರ್ಚ್‌ನಲ್ಲಿ ಚಾಟ್‌ಜಿಪಿಟಿ ಬಳಸುತ್ತಿದ್ದ ಕೆಲವರಿಗೆ ಬೇರೆಯವರ ಚಾಟ್‌ಗಳ ಶೀರ್ಷಿಕೆಗಳು ಕಾಣಿಸಿಕೊಂಡಿದ್ದವು.

ಹಾಗಾದರೆ "ಪೂರ್ತಿ ನಿಷೇಧವೇ ಕ್ಷೇಮ" ಎನ್ನೋಣವೇ? ಎಂಜಿನಿಯರ್‌ಗಳು ಸೋರ್ಸ್ ಕೋಡನ್ನು ಚಾಟ್‌ಜಿಪಿಟಿಗೆ ಹಾಕಿದ್ದು ಬಯಲಾದ ಮೇಲೆ ಸ್ಯಾಮ್‌ಸಂಗ್ 2023ರ ಮೇ ತಿಂಗಳಲ್ಲಿ ಅದನ್ನೇ ಮಾಡಿತು. ತಕ್ಷಣದ ಕ್ರಮವಾಗಿ ಅದು ಸರಿ ಇರಬಹುದು. ಆದರೆ ಕಚೇರಿಯ ಕಂಪ್ಯೂಟರಿನಲ್ಲಿ ತಡೆದದ್ದು ಜೇಬಿನ ಫೋನಿನಲ್ಲಿ ನಡೆಯುತ್ತದೆ, ಆಗ ಯಾರ ಕಣ್ಣಿಗೂ ಬೀಳುವುದಿಲ್ಲ. ನ್ಯೂಜೆರ್ಸಿ ರಾಜ್ಯ ಸರ್ಕಾರ 2024ರಲ್ಲಿ ತನ್ನ ನೌಕರರಿಗಾಗಿ 'ಎನ್‌ಜೆ ಎಐ ಅಸಿಸ್ಟೆಂಟ್' ಎಂಬ ಸಾಧನವನ್ನೇ ಒದಗಿಸಿತು. ನನಗೆ ಸರಿ ಕಾಣುವುದು ಈ ದಾರಿ.

ಪ್ರಯೋಗ ಮಾಡಲು ನಿಜವಾದ ದತ್ತಾಂಶ ಬೇಕೇ ಬೇಕೆಂದಿಲ್ಲ. ಹತ್ತು ಸಾಲಿನ ಕಲ್ಪಿತ ಟೇಬಲ್ ಕೊಟ್ಟು ಎಸ್‌ಕ್ಯುಎಲ್ ಬರೆಸಿಕೊಳ್ಳಬಹುದು. ಕೋಡ್ ಕೆಟ್ಟಿದ್ದರೆ ಕೆಟ್ಟ ಭಾಗವನ್ನಷ್ಟೇ ಬೇರೆ ಹೆಸರುಗಳಲ್ಲಿ ಹೊಸದಾಗಿ ಬರೆದು ಕೇಳಬಹುದು. ಪಾಸ್‌ವರ್ಡ್, ಎಪಿಐ ಕೀ, ಗ್ರಾಹಕರ ದಾಖಲೆಗಳನ್ನು ಮಾತ್ರ ಯಾವ ಕಾರಣಕ್ಕೂ ಹಾಕಬಾರದು.

ವೆಂಡರ್ ಮೂಲಕ ಕ್ಲೈಂಟ್ ಕಚೇರಿಯಲ್ಲಿ ದುಡಿಯುವ ಎಚ್-1ಬಿ ವೀಸಾದ ಗೆಳೆಯರು ಇನ್ನೂ ಎಚ್ಚರವಾಗಿರಬೇಕು. ನೀವು ಸಹಿ ಹಾಕಿದ ಗೋಪ್ಯತೆಯ ಕರಾರು ಸ್ವಂತ ಫೋನಿಗೂ ಅನ್ವಯಿಸುತ್ತದೆ. ಅದನ್ನು ಮುರಿದು ಕೆಲಸ ಹೋದರೆ ಅಮೆರಿಕದಲ್ಲಿ ಉಳಿದು ಬೇರೆ ಕೆಲಸ ಹುಡುಕಲು ಸಿಗುವ ಅವಧಿ ಹೆಚ್ಚೆಂದರೆ 60 ದಿನ. ಕ್ಲೈಂಟ್‌ನ ಎಐ ನಿಯಮ ಏನೆಂದು ಮ್ಯಾನೇಜರನ್ನು ಇ-ಮೇಲ್‌ನಲ್ಲಿ ಕೇಳಿ, ಉತ್ತರವನ್ನು ಜೋಪಾನವಾಗಿ ಇಟ್ಟುಕೊಳ್ಳಿ.