ಕಾಲ್‌ಶೀಟ್ ಕೊಡಲು ಎಂಟು ದಿನ ಸತಾಯಿಸಿದ ಮರಿಬೆಕ್ಕು!

ಕಿರಣ್‌ರಾಜ್ ನಿರ್ದೇಶನದ '777 ಚಾರ್ಲಿ' (2022) ನೋಡಿದ್ದೀರಲ್ಲ ಮಿತ್ರರೇ? ಅಲ್ಲಿ ಒಂಟಿ ಧರ್ಮನ (ನಮ್ಮ ರಕ್ಷಿತ್ ಶೆಟ್ಟಿ) ಬೆನ್ನು ಹತ್ತಿ ನಾಯಿಯೇ ಅವನನ್ನು ಒಲಿಸಿಕೊಳ್ಳುತ್ತೆ. ನನ್ನ ಕಥೆ ಉಲ್ಟಾ! ಯಶವಂತಪುರದಲ್ಲಿ ಲಾರಿಯಡಿಯಿಂದ ಎತ್ತಿ ತಂದ ಮರಿಬೆಕ್ಕು ಮಂಚದಡಿ ಸೇರಿತು. ಕೈ ಚಾಚಿದರೆ ಬುಸ್! ಊಟ ಮುಟ್ಟಲಿಲ್ಲ. ಒಂದು ದಿನದ ಉಪವಾಸವೂ ಮರಿಯ ಜೀವಕ್ಕೇ ಸಂಚಕಾರ.

ಎಳೆದು ಮುದ್ದಿಸೋ ಹೀರೋಗಿರಿ ಇಲ್ಲಿ ನಡೆಯಲ್ಲ. ದಿನಾ ಅದೇ ಹೊತ್ತಿಗೆ ಬೇಯಿಸಿದ ಕೋಳಿ ಇಟ್ಟು, ನೆಲದ ಮೇಲೆ ಕೂತು, ಬೇರೆಲ್ಲೋ ನೋಡ್ತಿದ್ದೆ. ದುರುಗುಟ್ಟಿದರೆ ನಾವೇ ವಿಲನ್. ನಿಧಾನವಾಗಿ ಕಣ್ಣು ಮುಚ್ಚಿ ತೆರೆದರೆ ಬೆಕ್ಕಿಗೆ ಧೈರ್ಯ. ಹಸುವಿನ ಹಾಲು ಮಾತ್ರ ಬೇಡ, ಭೇದಿ ಆಗುತ್ತೆ. ಪರಚಿದರೆ ಸೋಪು ಹಾಕಿ 15 ನಿಮಿಷ ತೊಳೆದು ಡಾಕ್ಟರ ಹತ್ತಿರ ಓಡಿ!

ಎಂಟನೇ ರಾತ್ರಿ ತಾನಾಗೇ ಬಂದು ಬೆರಳು ಮೂಸಿ, ಕೈಗೆ ತಲೆ ಉಜ್ಜಿತು. ಮರುದಿನವೇ ಬುಟ್ಟಿಯಲ್ಲಿ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ, ಲಸಿಕೆಗೆ ಸವಾರಿ!